ಡಬಲ್ ಕ್ಲಿಕ್ ಯಾರ ಪಾಲಿಗೆ?

ಕಂಪ್ಯೂಟರ್ ರಿಪೇರಿಗೆಂದು ಬರುವ ಫೋನುಗಳಲ್ಲಿ ದೊಡ್ಡ ಪಾಲು ರಿಪೇರಿಗೆ ಸಂಬಂಧಪಟ್ಟದ್ದೇ ಆಗಿರುವುದಿಲ್ಲ. ‘ಫೋಟೋ ಒತ್ತಿದ್ರ ಏನೇನೋ ಬರ್ತದ್ರೀ’, ‘ಪಿಡಿಎಫ್ ಎಲ್ಲಾ ಇಂಟರ್‌ನೆಟ್‌ನ್ಯಾಗ ತೆರೀತಾವು’, ‘ಲಿಸ್ಟಿನ್ಯಾಗಿನ ಕನ್ನಡ ಹೋಗೇಬಿಟ್ಟೈತಿ’. ಹೋಗಿ ನೋಡಿದರೆ ಹಾರ್ಡ್‌ವೇರ್ ನೆಟ್ಟಗಿರುತ್ತದೆ, ವೈರಸ್ ಇರುವುದಿಲ್ಲ, ಫೈಲೂ ಚೆನ್ನಾಗಿಯೇ ಇರುತ್ತದೆ. ಯಾವ ಬಗೆಯ ಫೈಲನ್ನು ಯಾವ ಅಪ್ಲಿಕೇಶನ್ ತೆರೆಯಬೇಕೆಂಬುದನ್ನು ಸಿಸ್ಟಮ್ ಮುಂದೆ ಕೂರುವವರ ಬದಲು ಯಾವುದೋ ಸಾಫ್ಟ್‌ವೇರ್ ತೀರ್ಮಾನಿಸಿರುತ್ತದೆ, ಅಷ್ಟೆ. ಡಿಟಿಪಿ ಅಂಗಡಿ, ಆಡಿಟರ್ ಆಫೀಸು, ಕಾಲೇಜು ಲ್ಯಾಬು, ಸೈಬರ್ ಸೆಂಟರ್‌ಗಳ ಸಿಸ್ಟಮ್‌ಗಳನ್ನು ನೋಡಿಕೊಳ್ಳುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕ್ರಮಸಂಖ್ಯೆ ಇದೆಯೆಂದು ಎಲ್ಲ ಪಾಠಕ್ಕೂ ಒಂದೇ ತೂಕವೆಂದು ತಿಳಿಯಬೇಡಿ. ಮೊದಲನೆಯದು ಮತ್ತು ನಾಲ್ಕನೆಯದನ್ನು ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಸರವಿಲ್ಲ.

1. ತೋರಿಸುವ ಅಪ್ಲಿಕೇಶನ್‌ಗೆ ಡಬಲ್ ಕ್ಲಿಕ್, ತಿದ್ದುವುದಕ್ಕೆ ರೈಟ್ ಕ್ಲಿಕ್

ಡಿಫಾಲ್ಟ್ ಅನ್ನು, ಅಂದರೆ ಡಬಲ್ ಕ್ಲಿಕ್ಕಿಗೆ ತೆರೆಯುವ ಅಪ್ಲಿಕೇಶನ್ನನ್ನು, ಆರಿಸುವಾಗ ಬಹಳ ಜನ ‘ಇರುವುದರಲ್ಲಿ ಯಾವುದು ದೊಡ್ಡ ಸಾಫ್ಟ್‌ವೇರ್’ ಎಂದು ಯೋಚಿಸುತ್ತಾರೆ. ಫೋಟೋಶಾಪ್ ಇದ್ದರೆ ಎಲ್ಲ ಚಿತ್ರಗಳೂ ಫೋಟೋಶಾಪ್‌ಗೆ. ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ ಸರಿಯಾದದ್ದೋ ಅಲ್ಲವೋ ಎಂದು ನೋಡುವುದಕ್ಕೆ ಹಳೆಯ ಸಿಸ್ಟಮ್ ಅರ್ಧ ನಿಮಿಷ ಏದುಸಿರು ಬಿಡುತ್ತದೆ, ಗಿರಾಕಿ ಕೌಂಟರಿನ ಮೇಲೆ ಬೆರಳು ಬಡಿಯುತ್ತ ನಿಂತಿರುತ್ತಾರೆ.

ನಾನು ಕೇಳುವ ಪ್ರಶ್ನೆ ಒಂದೇ: ಈ ಬಗೆಯ ಫೈಲನ್ನು ಹತ್ತು ಸಲ ತೆರೆದರೆ ಎಷ್ಟು ಸಲ ತಿದ್ದುತ್ತೀರಿ? ಜೆಪೆಗ್ ಬಗ್ಗೆ ಕೇಳಿದರೆ ಫೋಟೋ ಸ್ಟುಡಿಯೋದವರೂ ‘ಎರಡೋ ಮೂರೋ’ ಎನ್ನುತ್ತಾರೆ. ಅಂದರೆ ಉಳಿದ ಏಳೆಂಟು ಸಲ ಬೇಕಾದದ್ದು ಬರೀ ನೋಟ. ಆ ನೋಟಕ್ಕೆ ಹಗುರವಾದ ವ್ಯೂವರ್ ಸಾಕು. ಫೋಟೋಶಾಪ್ ಎಲ್ಲಿಗೂ ಓಡಿಹೋಗುವುದಿಲ್ಲ. ರೈಟ್ ಕ್ಲಿಕ್ ಮಾಡಿ ‘ಓಪನ್ ವಿತ್’ ಎಂದರೆ ಅಲ್ಲೇ ಕಾಯುತ್ತಿರುತ್ತದೆ.

ವೇಗಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದ ಫೈಲು ಸುಮ್ಮನೆ ಕೂರುವುದಿಲ್ಲ. ಕೈ ತಾಕಿ ಒಂದು ಅಕ್ಷರ ಬೀಳುತ್ತದೆ, ತಾರೀಖು ತಾನಾಗಿಯೇ ಬದಲಾಗುತ್ತದೆ, ಪುಟದ ಅಂಚು ಸರಿಯುತ್ತದೆ. ಮುಚ್ಚುವಾಗ ‘ಬದಲಾವಣೆಗಳನ್ನು ಉಳಿಸಬೇಕೆ’ ಎಂಬ ಪ್ರಶ್ನೆ ಬಂದರೆ ಹೌದು ಎನ್ನುವುದು ಎಲ್ಲರ ಅಭ್ಯಾಸ. ಮೂಲ ಪ್ರತಿ ಕೆಟ್ಟದ್ದು ತಿಂಗಳ ಮೇಲೆ ಗೊತ್ತಾಗುತ್ತದೆ.

ಇದಕ್ಕೆ ಅಪವಾದ ಇಲ್ಲದಿಲ್ಲ. ದಿನವಿಡೀ ಟೈಪಿಂಗ್ ಮಾಡುವ ಕಡೆ ವರ್ಡ್ ಫೈಲಿಗೆ ವರ್ಡೇ ಡಿಫಾಲ್ಟ್ ಇರಬೇಕು. ಅಲ್ಲಿ ನೋಡುವುದಕ್ಕೆಂದು ತೆರೆಯುವವರೇ ಇಲ್ಲ.

2. ಫೈಲಿನ ಬಾಲ ಕಾಣುವಂತಿರಲಿ

ಹೆಸರಿನ ಕೊನೆಯ ಚುಕ್ಕಿಯಾದ ಮೇಲೆ ಬರುವ ಮೂರು-ನಾಲ್ಕು ಅಕ್ಷರಗಳು, ಅಂದರೆ ಎಕ್ಸ್‌ಟೆನ್ಶನ್, ವಿಂಡೋಸ್‌ನಲ್ಲಿ ಎಲ್ಲವನ್ನೂ ನಿರ್ಧರಿಸುತ್ತವೆ. ಒಳಗೆ ಏನಿದೆಯೆಂದು ಅದು ನೋಡಲು ಹೋಗುವುದಿಲ್ಲ. ಇಷ್ಟು ಮುಖ್ಯವಾದದ್ದನ್ನೇ ವಿಂಡೋಸ್ 95ರ ಕಾಲದಿಂದ ಮೈಕ್ರೋಸಾಫ್ಟ್ ಮರೆಮಾಡಿಟ್ಟಿದೆ. ಹೊಸ ಸಿಸ್ಟಮ್‌ನಲ್ಲಿ ನಾನು ಮಾಡುವ ಮೊದಲ ಕೆಲಸವೇ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ಗೆ ಹೋಗಿ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡುವುದು.

ಈ ಮರೆಮಾಚುವಿಕೆಯ ಬೆಲೆ ಏನೆಂದು 2000ದ ಮೇ ತಿಂಗಳಲ್ಲಿ ಜಗತ್ತು ಕಂಡಿತು. ಪ್ರೇಮಪತ್ರವೆಂದು ಇಮೇಲ್‌ನಲ್ಲಿ ಬಂದ ಆ ಫೈಲಿನ ಹೆಸರು ‘ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್’ ಎಂದು ಮುಗಿಯುತ್ತಿತ್ತು. ಕೊನೆಯ ತುಂಡನ್ನು ವಿಂಡೋಸ್ ಬಚ್ಚಿಟ್ಟದ್ದರಿಂದ ಜನರ ಕಣ್ಣಿಗೆ ಬಿದ್ದದ್ದು ಬಡಪಾಯಿ ಟೆಕ್ಸ್ಟ್ ಫೈಲು. ಒತ್ತಿದವರು ಒತ್ತಿದರು, ‘ಐ ಲವ್ ಯೂ’ ವೈರಸ್ ಕೆಲವೇ ದಿನಗಳಲ್ಲಿ ಭೂಮಂಡಲ ಸುತ್ತಿತು. ಈಗಲೂ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಹಳೇ ನಾಟಕ ವಾಟ್ಸಾಪ್‌ನಲ್ಲಿ ಹೊಸ ವೇಷ ತೊಟ್ಟು ಬರುತ್ತಲೇ ಇದೆ.

ಬಾಲದ ಮೇಲೆ ಅನುಮಾನ ಬಂದರೆ ಫೈಲಿನ ಮೊದಲ ಕೆಲವು ಅಕ್ಷರಗಳನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ. ಪಿಡಿಎಫ್ ಆದರೆ ಶೇಕಡಾ ಚಿಹ್ನೆಯಾದ ಕೂಡಲೇ ಪಿ, ಡಿ, ಎಫ್ ಎಂದಿರುತ್ತದೆ. ಜಿಪ್ ಆದರೆ ಪಿ, ಕೆ ಎಂಬ ಎರಡಕ್ಷರ. ಅದು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಎಂಬಾತನ ಇನಿಶಿಯಲ್ಲು. ವರ್ಡ್‌ನ ಡಾಕ್ಸ್ ಫೈಲಿನ ತಲೆಯಲ್ಲೂ ಅದೇ ಪಿ, ಕೆ ಇರುತ್ತದೆ, ಏಕೆಂದರೆ ಡಾಕ್ಸ್ ಎಂಬುದು ಒಳಗಿಂದ ಜಿಪ್ಪೇ. ‘ಸರ್, ವರ್ಡ್ ಫೈಲ್ ಕಳಿಸಿದ್ರೆ ಜಿಪ್ ಬಂದಿದೆ’ ಎಂದು ಯಾರಾದರೂ ಗಾಬರಿಯಾದರೆ ಬಾಲವನ್ನು ಡಾಕ್ಸ್ ಎಂದು ಬದಲಿಸಿ ನೋಡಲು ಹೇಳಿ. ಹಲವು ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಲಿನಕ್ಸ್ ಈ ವಿಷಯದಲ್ಲಿ ಕೊಂಚ ಜಾಣ. ಹೆಸರಿನಿಂದ ಗುರುತು ಸಿಗದಿದ್ದರೆ ಒಳಗೂ ಇಣುಕುತ್ತದೆ. ಹಳೆಯ ಮ್ಯಾಕ್‌ಗಳಲ್ಲಿ ಇನ್ನೂ ಸೊಗಸಾದ ಏರ್ಪಾಡಿತ್ತು. ಫೈಲು ಯಾವ ಬಗೆಯದು, ಹುಟ್ಟಿದ್ದು ಯಾವ ಸಾಫ್ಟ್‌ವೇರಿನಲ್ಲಿ ಎಂಬ ನಾಲ್ಕು-ನಾಲ್ಕು ಅಕ್ಷರಗಳ ಎರಡು ಗುರುತುಗಳು ಫೈಲಿನ ಜೊತೆಗೇ ಇರುತ್ತಿದ್ದವು. 2009ರ ಸ್ನೋ ಲೆಪರ್ಡ್ ಆವೃತ್ತಿಯಲ್ಲಿ ಆಪಲ್ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಹಳೆಯ ಮ್ಯಾಕ್ ಬಳಕೆದಾರರು ಅದಕ್ಕೆ ಇನ್ನೂ ಹಲ್ಲು ಕಡಿಯುತ್ತಾರೆ.

3. ಓಡುವ ಫೈಲುಗಳನ್ನು ನೋಟ್‌ಪ್ಯಾಡ್‌ಗೆ ಕಟ್ಟಿಹಾಕಿ

ಜೆಎಸ್, ವಿಬಿಎಸ್, ಡಬ್ಲ್ಯುಎಸ್ಎಫ್, ಎಚ್‌ಟಿಎ. ವಿಂಡೋಸ್‌ನಲ್ಲಿ ಇವುಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫೈಲು ತೆರೆಯುವುದಿಲ್ಲ, ಓಡುತ್ತದೆ. ಗುಮಾಸ್ತರಿಗೆ, ಟೈಪಿಸ್ಟರಿಗೆ, ವಿದ್ಯಾರ್ಥಿಗಳಿಗೆ ಇವುಗಳನ್ನು ಕ್ಲಿಕ್ಕಿನಿಂದ ಓಡಿಸುವ ಅಗತ್ಯ ಬೀಳುವುದಿಲ್ಲ. ನಾಲ್ಕಕ್ಕೂ ನೋಟ್‌ಪ್ಯಾಡ್ ಡಿಫಾಲ್ಟ್ ಮಾಡಿ. ಇಮೇಲ್‌ನಲ್ಲಿ ಬಂದ ಕಳ್ಳ ಫೈಲನ್ನು ಯಾರಾದರೂ ಒತ್ತಿದರೂ ಪರದೆ ತುಂಬ ಅರ್ಥವಾಗದ ಕೋಡ್ ಕಾಣುತ್ತದೆ, ಅದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಕಾಸು ಖರ್ಚಿಲ್ಲದ ಇಂಥ ಕಾವಲು ಬೇರೆ ಸಿಗಲಾರದು. ಇದೇ ಆಂಟಿವೈರಸ್ ಎಂದು ಭಾವಿಸಬೇಡಿ. ಇಎಕ್ಸ್‌ಇಗಳಿಗೆ ಈ ಉಪಾಯ ನಡೆಯುವುದಿಲ್ಲ.

4. ಸಿಎಸ್‌ವಿಯನ್ನು ಎಕ್ಸೆಲ್‌ನ ಕೈಗೆ ಕೊಡಬೇಡಿ

ನಾನು ಅತಿ ಹೆಚ್ಚು ಜಗಳವಾಡಿರುವುದು ಈ ವಿಷಯಕ್ಕೆ. ಸರ್ಕಾರಿ ಪೋರ್ಟಲ್ಲುಗಳಿಂದ, ಬ್ಯಾಂಕುಗಳಿಂದ, ಗೂಗಲ್ ಫಾರಂನಿಂದ ಇಳಿಯುವ ಪಟ್ಟಿಗಳು ಸಿಎಸ್‌ವಿ ರೂಪದಲ್ಲಿರುತ್ತವೆ. ಅಲ್ಪವಿರಾಮಗಳಿಂದ ಬೇರ್ಪಟ್ಟ ಬರೀ ಅಕ್ಷರಗಳ ಫೈಲು ಅದು. ಆಫೀಸ್ ಇನ್‌ಸ್ಟಾಲ್ ಆದ ಸಿಸ್ಟಮ್‌ನಲ್ಲಿ ಅದಕ್ಕೆ ಎಕ್ಸೆಲ್‌ನ ಐಕಾನ್ ಬಂದು ಕೂರುತ್ತದೆ, ಜನ ಅದನ್ನು ಎಕ್ಸೆಲ್ ಫೈಲೆಂದೇ ನಂಬುತ್ತಾರೆ.

ಮೊದಲ ಪೆಟ್ಟು ಕನ್ನಡಕ್ಕೆ ಬೀಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಫೈಲಿನ ತಲೆಯಲ್ಲಿ ‘ಇದು ಯುಟಿಎಫ್-8’ ಎಂದು ಸಾರುವ ಬಿಓಎಂ ಎಂಬ ಗುರುತು ಇಲ್ಲದಿದ್ದರೆ ಡಬಲ್ ಕ್ಲಿಕ್ಕಿಗೆ ಎಕ್ಸೆಲ್ ಅದನ್ನು ಹಳೆಯ ಪಾಶ್ಚಾತ್ಯ ಕೋಡ್‌ಪೇಜ್ ಎಂದುಕೊಂಡು ಮೂರು ಬೈಟನ್ನು ಮೂರು ಬೇರೆ ಬೇರೆ ಅಕ್ಷರಗಳಾಗಿ ಓದುತ್ತದೆ. ಕಾಣುವ ಗೋಜಲಿಗೂ ಒಂದು ಲಕ್ಷಣವಿದೆ: ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷಿನ ಚಿಕ್ಕ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3, ಆಮೇಲೆ ಏನೋ ಒಂದು. ಪರದೆಯಲ್ಲಿ ಈ ಜೋಡಿ ಮತ್ತೆಮತ್ತೆ ಕಂಡರೆ ಡೇಟಾ ಹಾಳಾಗಿಲ್ಲವೆಂದು ಕಣ್ಣುಮುಚ್ಚಿ ಹೇಳಬಹುದು. ಸೇವ್ ಮಾಡದೆ ಮುಚ್ಚಿದರಾಯಿತು.

ಎರಡನೆಯ ಪೆಟ್ಟು ಕಾಣಿಸುವುದಿಲ್ಲ, ಹಾಗಾಗಿ ಅದೇ ಹೆಚ್ಚು ಅಪಾಯ. ಸರ್ವೆ ನಂಬರ್ 12/3 ಎಂದಿದ್ದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತದೆ. ಅಮೆರಿಕದ ಸೆಟ್ಟಿಂಗ್ ಇರುವ ಸಿಸ್ಟಮ್ ಆದರೆ ಡಿಸೆಂಬರ್ 3! ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಸೊನ್ನೆಗಳು ಉದುರುತ್ತವೆ. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ನಡುವೆ ಚುಕ್ಕಿ, ಕೊನೆಗೆ ‘ಇ+11’ ಎಂಬ ವೈಜ್ಞಾನಿಕ ಸಂಕೇತವಾಗಿ ಕಾಣುತ್ತದೆ. ಎಕ್ಸೆಲ್ ನೆನಪಿಟ್ಟುಕೊಳ್ಳುವುದು ಹದಿನೈದು ಅಂಕಿಗಳನ್ನು ಮಾತ್ರ. ಹದಿನಾರನೆಯದು ಏನೇ ಇರಲಿ, ಸೊನ್ನೆಯಾಗುತ್ತದೆ. ಹೀಗೆ ತೆರೆದ ಮೇಲೆ ಒಂದು ಸಲ ಸೇವ್ ಒತ್ತಿದರೆ ಪರದೆಯಲ್ಲಿ ಕಂಡ ರೂಪವೇ ಫೈಲಿಗೆ ಹೋಗುತ್ತದೆ. ಆ ಫೈಲಿನಿಂದ ಮೂಲ ಅಂಕಿಗಳನ್ನು ಮತ್ತೆ ಪಡೆಯುವ ದಾರಿಯೇ ಇಲ್ಲ. ಒಂದು ಸಂಸ್ಥೆಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಗೆ ಹೀಗಾಗಿತ್ತು. ಪೋರ್ಟಲ್ಲಿನಿಂದ ಪಟ್ಟಿಯನ್ನು ಮತ್ತೊಮ್ಮೆ ಇಳಿಸಿಕೊಳ್ಳಲು ಸಾಧ್ಯವಿದ್ದುದರಿಂದ ಬಚಾವು.

ಇದಕ್ಕೆ ಸಿಕ್ಕಿಬಿದ್ದವರು ನಮ್ಮ ಗುಮಾಸ್ತರು ಮಾತ್ರವಲ್ಲ. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿಯೇ ಸೋತು, ‘ಮಾರ್ಚ್ 1’, ‘ಸೆಪ್ಟ್ 1’ ಎಂಬಂತಿದ್ದ ಹೆಸರುಗಳನ್ನು ಬದಲಿಸಿಬಿಟ್ಟದ್ದಾಗಿ 2020ರಲ್ಲಿ ಪ್ರಕಟಿಸಿತು. ಸಂಶೋಧಕರ ಪಟ್ಟಿಗಳಲ್ಲಿ ಎಕ್ಸೆಲ್ ಅವುಗಳನ್ನು ತಾರೀಖು ಮಾಡಿಡುತ್ತಿತ್ತು. ಇಂಥ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಟ್ಟಿತು. ಹಳೆಯ ಆಫೀಸ್ ಇರುವ ನಮ್ಮ ಸಿಸ್ಟಮ್‌ಗಳಿಗೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಯಾವುದನ್ನು ಡಿಫಾಲ್ಟ್ ಮಾಡಬೇಕು? ನನ್ನ ಆಯ್ಕೆ ಲಿಬ್ರೆಆಫೀಸ್ ಕ್ಯಾಲ್ಕ್. ಸಿಎಸ್‌ವಿ ತೆರೆಯುವ ಮುನ್ನ ಅದು ಒಂದು ಕಿಟಕಿ ತೋರಿಸಿ ಕೇಳುತ್ತದೆ: ಯಾವ ಅಕ್ಷರ ಸಂಕೇತ, ಯಾವ ವಿಭಜಕ, ಯಾವ ಕಾಲಂ ಯಾವ ಬಗೆಯದು. ಯುಟಿಎಫ್-8 ಇದೆಯೇ ನೋಡಿ, ಆಧಾರ್ ಮತ್ತು ಖಾತೆ ಸಂಖ್ಯೆಯ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ ಮುಂದುವರಿದರೆ ಒಂದಂಕಿಯೂ ಕದಲುವುದಿಲ್ಲ. ‘ಪ್ರತಿ ಸಲ ಏನ್ ಕೇಳ್ತದ್ರೀ ಇದು’ ಎಂದು ಗೊಣಗುತ್ತಾರೆ. ಕೇಳಲಿ ಎಂದೇ ಅದನ್ನು ಅಲ್ಲಿಟ್ಟಿರುವುದು. ಲಿಬ್ರೆಆಫೀಸ್ ಬೇಡವೆನ್ನುವವರಿಗೆ ನೋಟ್‌ಪ್ಯಾಡ್ ಡಿಫಾಲ್ಟ್ ಮಾಡಿ, ಎಕ್ಸೆಲ್ ಬೇಕಾದಾಗ ಮೊದಲು ಎಕ್ಸೆಲ್ ತೆರೆದು ‘ಡೇಟಾ’ ಪಟ್ಟಿಯ ಮೂಲಕ ಫೈಲನ್ನು ಒಳಗೆ ತರುವುದನ್ನು ಕಲಿಸುತ್ತೇನೆ.

5. ಪಿಡಿಎಫ್‌ಗೆ ಇಬ್ಬರು ಬೇಕು

2015ರಲ್ಲಿ ವಿಂಡೋಸ್ 10 ಬಂದಾಗಿನಿಂದ ಹೊಸ ಸಿಸ್ಟಮ್‌ಗಳಲ್ಲಿ ಪಿಡಿಎಫ್ ತೆರೆಯುವುದು ಎಡ್ಜ್ ಬ್ರೌಸರ್. ಬರೀ ಓದುವುದಾದರೆ ನನ್ನ ತಕರಾರಿಲ್ಲ. ಬ್ರೌಸರ್ ಬೇಗ ತೆರೆಯುತ್ತದೆ, ಆಗಾಗ ಅಪ್‌ಡೇಟ್ ಆಗುತ್ತಿರುತ್ತದೆ. ಮನೆಯ ಸಿಸ್ಟಮ್‌ಗೆ ಅದೇ ಸಾಕು.

ಸೇವಾ ಕೇಂದ್ರ, ಆಡಿಟರ್ ಕಚೇರಿ, ವಕೀಲರ ಕಚೇರಿಗಳಲ್ಲಿ ಲೆಕ್ಕ ಬೇರೆ. ಇ-ಆಧಾರ್‌ನಂಥ ದಾಖಲೆಗಳಲ್ಲಿ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ನಿಜವೇ, ಸಹಿಯಾದ ಮೇಲೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಪರಿಶೀಲಿಸುವುದು ಅಡೋಬಿ ರೀಡರ್‌ನಂಥ ಪೂರ್ಣ ಪ್ರಮಾಣದ ಸಾಫ್ಟ್‌ವೇರಿನ ಕೆಲಸ. ಹಲವು ಬ್ರೌಸರುಗಳಲ್ಲಿ ಅದು ಬರೀ ಚಿತ್ರದಂತೆ ಕಾಣುತ್ತದೆ. ರೀಡರ್‌ನಲ್ಲೂ ಮೊದಲ ಸಲ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ ಪರಿಶೀಲಿಸಿ ಪ್ರಮಾಣಪತ್ರವನ್ನು ನಂಬುವಂತೆ ಒಂದು ಸಲ ಹೇಳಿಕೊಟ್ಟರೆ ಹಸಿರು ಟಿಕ್ ಮೂಡುತ್ತದೆ. ಇನ್ನು ಎಕ್ಸ್ಎಫ್ಎ ಎಂಬ ಜಾತಿಯ ಭರ್ತಿ ಮಾಡುವ ಫಾರಂಗಳಿವೆ. ಕಂಪನಿ ವ್ಯವಹಾರಗಳ ಸಚಿವಾಲಯದ ಹಳೆಯ ಇ-ಫಾರಂಗಳು ಇದೇ ಬಗೆಯವು. ಅವುಗಳನ್ನು ಬೇರೆ ವ್ಯೂವರ್‌ನಲ್ಲಿ ತೆರೆದರೆ ‘ದಯವಿಟ್ಟು ಕಾಯಿರಿ’ ಎಂಬ ಒಂದು ಪುಟ ಬರುತ್ತದೆ. ಕಾದು ಕೂತರೆ ಸಂಜೆಯಾಗುತ್ತದೆ, ಫಾರಂ ಬರುವುದಿಲ್ಲ. ಇಂಥ ಕಡೆ ರೀಡರ್ ಡಿಫಾಲ್ಟ್, ಬ್ರೌಸರ್ ರೈಟ್ ಕ್ಲಿಕ್ಕಿಗೆ.

6. ಹಳೆಯ ಕನ್ನಡ ಫೈಲುಗಳಿಗೆ ಹಳೆಯ ಮನೆಯನ್ನೇ ಉಳಿಸಿ

ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪೇಜ್‌ಮೇಕರ್ ಉಸಿರಾಡುತ್ತಿದೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಯುನಿಕೋಡ್ ಕನ್ನಡ ಅದಕ್ಕೆ ತಿಳಿಯದು, ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲೇ ಅದರ ಸಂಸಾರ. ಮದುವೆ ಪತ್ರಿಕೆ, ಸ್ಮರಣ ಸಂಚಿಕೆ, ಪಂಚಾಂಗ ಎಲ್ಲ ಅದರೊಳಗಿವೆ. ಅಂಗಡಿಗೆ ಇನ್‌ಡಿಸೈನ್ ಬಂದ ಮೇಲೆ ಪೇಜ್‌ಮೇಕರ್ ಫೈಲುಗಳಿಗೂ ಅದನ್ನೇ ಡಿಫಾಲ್ಟ್ ಮಾಡುವ ಉತ್ಸಾಹ ಬರುತ್ತದೆ. ಬೇಡ. ಸಿಎಸ್6ರವರೆಗಿನ ಇನ್‌ಡಿಸೈನ್ ಮಾತ್ರ ಅವುಗಳನ್ನು ತೆರೆಯಬಲ್ಲದು, ಅದೂ ಹೊಸ ದಾಖಲೆಯಾಗಿ ಪರಿವರ್ತಿಸಿ. ಸಾಲುಗಳು ಒಡೆಯುವ ಜಾಗ ಬದಲಾಗುತ್ತದೆ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಮುಂದಿನ ಸಾಲಿಗೆ ಜಾರಿದರೆ ಆಗುವ ರಾದ್ಧಾಂತ ಗೊತ್ತಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ನುಡಿಯಲ್ಲಿ ಟೈಪಿಸಿದ ಹಳೆಯ ಪಠ್ಯ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಒಳಗಿರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಕನ್ನಡದ ರೂಪ ಕೊಡುವುದು ಫಾಂಟು, ಬರೀ ಟೆಕ್ಸ್ಟ್ ಫೈಲು ಫಾಂಟಿನ ಹೆಸರನ್ನು ಹೊತ್ತು ತರುವುದಿಲ್ಲ. ಆರ್‌ಟಿಎಫ್ ಆಗಿ ಉಳಿಸಿದ್ದರೆ ಫಾಂಟಿನ ಹೆಸರು ಜೊತೆಗಿರುತ್ತದೆ. ಆಫೀಸ್ ಇಲ್ಲದ ಸಿಸ್ಟಮ್‌ಗಳಲ್ಲಿ ಆರ್‌ಟಿಎಫ್‌ಗಳನ್ನು ಇಷ್ಟು ವರ್ಷ ತೆರೆಯುತ್ತಿದ್ದ ವರ್ಡ್‌ಪ್ಯಾಡ್ ಅನ್ನು ವಿಂಡೋಸ್ 11ರ 2024ರ ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ಅಪ್‌ಡೇಟ್ ಆಗುವ ಮೊದಲೇ ಆರ್‌ಟಿಎಫ್ ಅನ್ನು ಲಿಬ್ರೆಆಫೀಸ್ ರೈಟರ್‌ಗೆ ಒಪ್ಪಿಸಿಡಿ, ಫಾಂಟುಗಳು ಇವೆಯೇ ನೋಡಿಕೊಳ್ಳಿ.

7. ಪ್ರತಿ ಕಂಪನಿಗೂ ನಿಮ್ಮ ಡಬಲ್ ಕ್ಲಿಕ್ ಬೇಕು

ಹೊಸ ವಿಡಿಯೋ ಪ್ಲೇಯರ್ ಹಾಕಿದರೆ ಹಾಡೂ ಅದಕ್ಕೇ, ಹೊಸ ಬ್ರೌಸರ್ ಹಾಕಿದರೆ ಪಿಡಿಎಫ್ ಕೂಡ ಅದಕ್ಕೇ ಎಂಬ ದುರಾಸೆ ಹಳೆಯದು. ಇದನ್ನು ತಡೆಯಲು ಮೈಕ್ರೋಸಾಫ್ಟ್ ವಿಂಡೋಸ್ 8ರಲ್ಲಿ ಒಂದು ಬೀಗ ಹಾಕಿತು. ಬಳಕೆದಾರ ಆರಿಸಿದ ಅಪ್ಲಿಕೇಶನ್ನಿನ ಹೆಸರಿನ ಜೊತೆ ಒಂದು ಗುಪ್ತ ಲೆಕ್ಕದ ಸಂಕೇತವನ್ನೂ ರಿಜಿಸ್ಟ್ರಿಯಲ್ಲಿ ಬರೆಯುತ್ತಾರೆ. ಎರಡೂ ತಾಳೆಯಾಗದಿದ್ದರೆ ಡಿಫಾಲ್ಟ್ ರದ್ದಾಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಬೀಗ ಹಾಕಿದವರೇ ಬ್ರೌಸರನ್ನೂ ಮಾರುಕಟ್ಟೆಗೆ ಬಿಡುವವರಾದಾಗ ಅನುಮಾನ ಸಹಜ. 2021ರಲ್ಲಿ ವಿಂಡೋಸ್ 11 ಬಂದಾಗ ಬ್ರೌಸರ್ ಬದಲಿಸಲು ಎಚ್‌ಟಿಎಂ, ಎಚ್‌ಟಿಎಂಎಲ್, ಎಚ್‌ಟಿಟಿಪಿ ಎಂದು ಒಂದೊಂದನ್ನೇ ಆರಿಸಬೇಕಿತ್ತು. ಗಲಾಟೆಯಾದ ಮೇಲೆ 2022ರಲ್ಲಿ ಒಂದೇ ಗುಂಡಿ ಬಂತು. ಯುರೋಪಿನಲ್ಲಂತೂ ಬ್ರೌಸರ್ ಆಯ್ಕೆಯ ಪರದೆ ತೋರಿಸುವುದಾಗಿ 2009ರಲ್ಲಿ ಕೊಟ್ಟ ಮಾತನ್ನು ವಿಂಡೋಸ್ 7ರ ಒಂದು ಅಪ್‌ಡೇಟ್‌ನಲ್ಲಿ ಉಳಿಸಿಕೊಳ್ಳಲಿಲ್ಲವೆಂದು 2013ರಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಬಿತ್ತು. ನಮಗೆ ಕಿರಿಕಿರಿಯಾಗಿ ಕಾಣುವ ಈ ಸಣ್ಣ ಆಯ್ಕೆಯ ಮಾರುಕಟ್ಟೆ ಬೆಲೆ ಅಷ್ಟಿದೆ.

ನಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಇಷ್ಟು. ಇನ್‌ಸ್ಟಾಲ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಓಡದೆ ಫೈಲ್ ಬಗೆಗಳ ಪಟ್ಟಿ ಬಂದ ಕಡೆ ನಿಲ್ಲಿ, ಬೇಡದ ಟಿಕ್ ತೆಗೆಯಿರಿ. ಲಿಬ್ರೆಆಫೀಸ್ ಹಾಕುವಾಗಲೂ ವರ್ಡ್, ಎಕ್ಸೆಲ್ ಫೈಲುಗಳನ್ನು ತನಗೆ ಕೊಡಬೇಕೆ ಎಂದು ಅದು ಕೇಳುವ ಹಂತವಿದೆ. ಎಲ್ಲ ಸಾಫ್ಟ್‌ವೇರ್ ಹಾಕಿ ಮುಗಿಸಿದ ಮೇಲೆಯೇ ಡಿಫಾಲ್ಟ್‌ಗಳನ್ನು ಹೊಂದಿಸಿ. ಮೊದಲೇ ಹೊಂದಿಸಿದರೆ ಕೆಲಸ ಎರಡೆರಡು ಸಲ.

8. ಲ್ಯಾಬಿನಲ್ಲಿ ಮೌಸ್ ಹಿಡಿದು ಕೂರಬೇಡಿ

ಡಿಫಾಲ್ಟ್ ಎಂಬುದು ಸಿಸ್ಟಮ್‌ಗೆ ಸೇರಿದ್ದಲ್ಲ, ಲಾಗಿನ್‌ಗೆ ಸೇರಿದ್ದು. ಅಡ್ಮಿನ್ ಲಾಗಿನ್‌ನಲ್ಲಿ ಎಲ್ಲ ಸರಿಮಾಡಿ ಬಂದ ಮರುದಿನ ವಿದ್ಯಾರ್ಥಿಯ ಲಾಗಿನ್‌ನಲ್ಲಿ ಯಥಾಪ್ರಕಾರ ಹಳೆಯದೇ ಇರುವುದು ಇದಕ್ಕೇ. ವಿಂಡೋಸ್‌ನಲ್ಲಿ ಒಂದು ಸಿಸ್ಟಮ್ ಅನ್ನು ಮಾದರಿಯಾಗಿ ಹೊಂದಿಸಿ, ಡಿಸ್ಮ್ ಆದೇಶದಿಂದ ಡಿಫಾಲ್ಟ್‌ಗಳ ಪಟ್ಟಿಯನ್ನು ಒಂದು ಎಕ್ಸ್ಎಂಎಲ್ ಫೈಲಿಗೆ ಇಳಿಸಿ, ಉಳಿದವುಗಳಿಗೆ ಏರಿಸಿ. ಹಾಗೆ ಏರಿಸಿದ್ದು ಹೊಸದಾಗಿ ಲಾಗಿನ್ ಆಗುವವರಿಗಷ್ಟೇ ಅನ್ವಯ. ಈಗಾಗಲೇ ಇರುವ ಲಾಗಿನ್‌ಗಳಿಗೂ ಬೇಕೆಂದರೆ ಗ್ರೂಪ್ ಪಾಲಿಸಿಯಿಂದ ಅದೇ ಫೈಲನ್ನು ತೋರಿಸಬೇಕು.

ಲಿನಕ್ಸ್‌ನಲ್ಲಿ ಇದು ಸುಖದ ಕೆಲಸ. ಬಳಕೆದಾರರ ಕಾನ್ಫಿಗ್ ಫೋಲ್ಡರಿನಲ್ಲಿರುವ ‘ಮೈಮ್‌ಆಪ್ಸ್ ಡಾಟ್ ಲಿಸ್ಟ್’ ಎಂಬ ಪುಟ್ಟ ಟೆಕ್ಸ್ಟ್ ಫೈಲನ್ನು ನಕಲು ಮಾಡಿದರೆ ಆಯಿತು. ಮ್ಯಾಕ್‌ನಲ್ಲಿ ಫೈಲನ್ನು ಆರಿಸಿ ಕಮಾಂಡ್ ಜೊತೆ ಐ ಒತ್ತಿ, ‘ಓಪನ್ ವಿತ್’ ಬದಲಿಸಿ, ‘ಚೇಂಜ್ ಆಲ್’ ಒತ್ತಬೇಕು. ಆ ಕೊನೆಯ ಗುಂಡಿಯನ್ನು ಮರೆತರೆ ಬದಲಾಗುವುದು ಅದೊಂದೇ ಫೈಲು. ಕೆಲವೊಮ್ಮೆ ಬೇಕಾಗಿರುವುದೂ ಅಷ್ಟೇ. ಒಂದು ಫೈಲಿಗೆ ಮಾತ್ರ ಬೇರೆ ಅಪ್ಲಿಕೇಶನ್ ಗೊತ್ತುಮಾಡುವ ಈ ಅನುಕೂಲ ವಿಂಡೋಸ್‌ನಲ್ಲಿ ಇಲ್ಲ.

9. ತೆರೆಯಲಾರದ್ದನ್ನು ಡಿಫಾಲ್ಟ್ ತೆರೆಯುವುದಿಲ್ಲ

ಐಫೋನಿನ ಫೋಟೋ ಪೆನ್ ಡ್ರೈವ್‌ನಲ್ಲಿ ತಂದು ‘ಯಾವುದರಲ್ಲೂ ತೆರೀತಿಲ್ಲ’ ಎನ್ನುತ್ತಾರೆ. 2017ರ ಐಓಎಸ್ 11ರಿಂದ ಐಫೋನು ಎಚ್‌ಇಐಸಿ ರೂಪದಲ್ಲಿ ಫೋಟೋ ಉಳಿಸುತ್ತಿದೆ. ವಿಂಡೋಸ್‌ನಲ್ಲಿ ಆ ಸಂಕೇತ ಬಿಡಿಸುವ ಕೋಡೆಕ್ ಇಲ್ಲದಿದ್ದರೆ ಹತ್ತು ಅಪ್ಲಿಕೇಶನ್ ಬದಲಿಸಿದರೂ ಫಲವಿಲ್ಲ. ಸ್ಟೋರಿನಿಂದ ಕೋಡೆಕ್ ಹಾಕಿಕೊಳ್ಳಿ, ಇಲ್ಲವೇ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಮುಂದಿನ ಫೋಟೋಗಳು ಜೆಪೆಗ್ ಆಗಿ ಬರುತ್ತವೆ.

10. ಇಮೇಲ್ ವಿಳಾಸವನ್ನೂ ಪಟ್ಟಿಗೆ ಸೇರಿಸಿ

ಫೈಲುಗಳಿಗಷ್ಟೇ ಡಿಫಾಲ್ಟ್ ಇರುವುದಲ್ಲ. ವೆಬ್‌ಪುಟದಲ್ಲಿ ಇಮೇಲ್ ವಿಳಾಸದ ಮೇಲೆ ಒತ್ತಿದಾಗ ಯಾವುದು ತೆರೆಯಬೇಕೆಂಬುದೂ ಅದೇ ಸೆಟ್ಟಿಂಗ್‌ನಲ್ಲಿ ‘ಮೇಲ್‌ಟು’ ಎಂಬ ಹೆಸರಲ್ಲಿ ಕೂತಿದೆ. ಅದನ್ನು ಹೊಂದಿಸದ ಸಿಸ್ಟಮ್‌ನಲ್ಲಿ ಔಟ್‌ಲುಕ್ ಎದ್ದು ಬಂದು ಖಾತೆ ತೆರೆಯಿರಿ, ಪಾಸ್‌ವರ್ಡ್ ಕೊಡಿ ಎನ್ನುತ್ತದೆ. ಸೈಬರ್ ಸೆಂಟರ್‌ನಲ್ಲಿ ಯಾರೋ ಗಿರಾಕಿ ಅಲ್ಲಿ ತಮ್ಮ ಪಾಸ್‌ವರ್ಡ್ ಕೊಟ್ಟೂಬಿಡುತ್ತಾರೆ, ಅವರೆದ್ದು ಹೋದ ಮೇಲೂ ಅವರ ಮೇಲ್ ಆ ಸಿಸ್ಟಮ್‌ಗೆ ಇಳಿಯುತ್ತಲೇ ಇರುತ್ತದೆ. ‘ಮೇಲ್‌ಟು’ವನ್ನು ಬ್ರೌಸರ್‌ಗೆ ಕೊಡಿ, ಸಾರ್ವಜನಿಕ ಸಿಸ್ಟಮ್‌ಗಳಿಂದ ಮೇಲ್ ಸಾಫ್ಟ್‌ವೇರನ್ನೇ ತೆಗೆದುಹಾಕಿ.